ಹುಳದ ಮನೆಯಲ್ಲಿ ಕೂಸು

ಅಂಗನವಾಡಿ ಟೀಚರು ತೂಕ ಹಾಕಿ ಹೇಳಿ ಹೋದರು:
"ಅಂಬೆಗಾಲು ಶುರುವಾಯ್ತಲ್ಲ, ಒಂದು ಸಲ ನೀವೂ
ಮಂಡಿಯೂರಿ ಮನೆ ನೋಡಿ, ಅವಳ ಕಣ್ಣಿನ ಎತ್ತರದಿಂದ."
ಮೌನಿಕ ನಕ್ಕಳು. ನಾನು ಲುಂಗಿ ಎತ್ತಿ ಕಟ್ಟಿ
ನೆಲಕ್ಕಿಳಿದೆ.

ಮೂವತ್ತೊಂದು ವರ್ಷ ಓಡಾಡಿದ ಮನೆಯನ್ನು
ಇವತ್ತು ಕಂಡೆ.
ಮಂಚದಡಿ ಸೊಪ್ಪು ಕತ್ತರಿಸುವ ಮಚ್ಚು,
ಹಿಡಿಯಲ್ಲಿ ಹಸಿರು ಒಣಗಿ ಕಪ್ಪಾದ ಅಂಟು.
ಟಿ.ವಿ. ಹಿಂದಿನ ಪ್ಲಗ್ಗು, ಮೂಗಿನ ಹೊಳ್ಳೆಗಳಂತೆ
ಪುಟ್ಟ ಬೆರಳ ವಾಸನೆಗೆ ಕಾಯುತ್ತ.
ಸಂಪಿನ ಮುಚ್ಚಳ, ಮೂಲೆ ಮುರಿದದ್ದು,
ಕಲ್ಲು ಹೇರಿ ಮರೆತದ್ದು.
ಬ್ಲೀಚಿಂಗ್ ಪುಡಿ ಚೀಲ, ಬಾಯಿಗೆ ಬಾಳೆ ನಾರು:
ಕೂಸು ಎಳೆದರೂ ಬಿಚ್ಚುವ ಗಂಟು.

ಜಗಲಿಯಿಂದ ಪಿಳ್ಳಮ್ಮಜ್ಜಿ:
"ಏನೋ ಅದು, ಕಾಸು ಬಿತ್ತಾ?"

ಕಾಪಾಡುವುದರಲ್ಲಿ ಪಳಗಿದ ಮನೆ ಇದು.
ಸ್ಟ್ಯಾಂಡಿನ ಕಾಲುಕಾಲಿಗೆ ನೀರಿನ ಬಟ್ಟಲು, ಇರುವೆ ಹತ್ತದಂತೆ.
ಕಿಟಕಿಗೆ ಬಲೆ, ಊಜಿ ನೊಣ ನುಸುಳದಂತೆ.
ಹುಳ ಜ್ವರಕ್ಕೆ ಕೂತರೆ
ಒಗ್ಗರಣೆ ಹಿತ್ತಲಿಗೆ ಹೋಗಬೇಕು,
ಊದುಬತ್ತಿಗೆ ದೇವರೂ ಕಾಯಬೇಕು.
ಮದುವೆಯ ಹೊಸತರಲ್ಲಿ ಮೌನಿಕ
ಪೌಡರು ಬಳಿದುಕೊಂಡು ಹುಳದ ಕೋಣೆಗೆ ಬಂದದ್ದಕ್ಕೆ
ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದಳು.
ಆ ಕೋಣೆಗೆ ಹೋಗುವವರು ಯಾರೇ ಆಗಲಿ
ಹೊಸ್ತಿಲ ಗೋಣಿಯ ಮೇಲಿನ ಸುಣ್ಣ ತುಳಿದೇ ಹೋಗಬೇಕು.

ಹುಳಕ್ಕೆ ಕಾವಲಾದದ್ದು ಕೂಸಿಗೆ ವಿಷ.
ಇದು ಗೊತ್ತಾದದ್ದು ಶುಕ್ರವಾರ.

ನಾಲ್ಕನೇ ಜ್ವರದಿಂದ ಎದ್ದ ಹುಳ, ಬಕಾಸುರನ ಹಸಿವು.
ಸೊಪ್ಪು ಹರಡಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ
ಕೆಂಪು ಗಾರೆಯ ಮೇಲೆ ಐದೈದು ಬೆರಳಿನ ಬಿಳಿ ಗುರುತು,
ಹೊಸ್ತಿಲಿಂದ ಒಳಕ್ಕೆ,
ಗೋಕುಲಾಷ್ಟಮಿಗೆ ಬರೆಯುವ ಪಾದಗಳ ಹಾಗೆ,
ಆದರೆ ಕೈ.
ಕೊನೆಯಲ್ಲಿ ಅವಳು.
ತಟ್ಟೆಯಿಂದ ಬಿದ್ದ ಹುಳವೊಂದು ಅವಳ ತೋಳು ಹತ್ತುತ್ತಿದೆ.
ಉಸಿರು ಹಿಡಿದು ನೋಡುತ್ತಿದ್ದಾಳೆ.
ಸುಣ್ಣದ ಬೆರಳು, ಬಾಯಿಗೆ ಇನ್ನೊಂದೇ ಅಂಗುಲ.

ಹೇಳಿಬಿಡುತ್ತೇನೆ, ಮೌನಿಕಳಿಗೂ ಹೇಳಿಲ್ಲ:
ನನ್ನ ಕೈ ಮೊದಲು ಹೋದದ್ದು ಹುಳಕ್ಕೆ.
ಕೈಗೆ ಅಷ್ಟು ವರ್ಷದ ರೂಢಿ.

ಆಮೇಲೆ ಕೂಸು. ಆಮೇಲೆ ನೀರು,
ಬೆರಳ ಸಂದಿ ಸಂದಿ ತೊಳೆದು, ಮತ್ತೆ ತೊಳೆದು.
ಅವಳ ಅಳುವಿಗೆ ತಟ್ಟೆತಟ್ಟೆಯಲ್ಲೂ ಮೇಯುವ ಚರಚರ ನಿಂತಿತು.
ನಿಂತದ್ದು ನನ್ನ ಕಿವಿಯೋ ಏನೋ.
ನರ್ಸಿಗೆ ಫೋನು. "ಜ್ವರ ಇದೆಯಾ?"
"ನಾಲ್ಕನೇದು, ಈಗ ತಾನೇ ಎದ್ದವು" ಎಂದೆ.
"ಮಗು ವಿಷಯ ಕೇಳಿದ್ದು ಕಣಣ್ಣ" ಎಂದಳು.
ಅವಳೂ ಹುಳ ಸಾಕಿದ ಮನೆಯವಳೇ.

ರಾತ್ರಿಯೇ ಹಳೇ ಸ್ಟ್ಯಾಂಡಿನ ಹಲಗೆ ಉಜ್ಜಿ
ಹೊಸ್ತಿಲಿಗೆ ಅಡ್ಡ ಹೊಡೆದೆ. ಮಚ್ಚು, ಚೀಲ ಅಟ್ಟಕ್ಕೆ.
ಪ್ಲಗ್ಗಿಗೆ ಟೇಪು. ಸಂಪಿಗೆ ಕಬ್ಬಿಣದ ಮುಚ್ಚಳ,
"ಗೂಡು ಮಾರಿದ ಮೇಲೆ ಕೊಡಿ" ಎಂದ
ಶಿಡ್ಲಘಟ್ಟದ ವೆಲ್ಡಿಂಗ್ ನಯಾಜ್.
ಅಜ್ಜಿ ಕೂಸಿನ ಮಂಚದ ಕಾಲಿಗೂ ಬಟ್ಟಲಿಟ್ಟಳು:
"ಹಾಲು ಕುಡಿಯೋ ಬಾಯಿ, ಇರುವೆ ಬರ್ತವೆ."
ನಾನು ನೀರು ಚೆಲ್ಲಿ ಬೂದಿ ತುಂಬಿದೆ.
ಅವಳು ನೋಡಿಯೂ ನೋಡದ ಹಾಗೆ ಎಲೆ ಅಡಿಕೆ ಜಗಿದಳು.

ಹುಳ ಹಣ್ಣಾಯಿತು. ಚಂದ್ರಿಕೆಯ ತುಂಬ ಗೂಡು.
ಬಿಡಿಸುತ್ತ ಕೂತಾಗ ಒಂದು ಗೂಡನ್ನು ಕಿವಿಯ ಹತ್ತಿರ
ಅಲ್ಲಾಡಿಸಿದೆ. ಒಳಗೆ ಇತ್ತು.
ಒಂದು ಇರುವೆಯೂ ಮುಟ್ಟದಂತೆ ಕಾದದ್ದನ್ನು
ನಾಳೆ ಮಾರ್ಕೆಟ್ಟಿಗೆ, ನಾಳಿದ್ದು ಯಾರದೋ ಕುದಿನೀರಿಗೆ.
ಇದನ್ನು ಇವಳಿಗೆ ಯಾವ ವಯಸ್ಸಿಗೆ ಹೇಳುವುದು?

ತಲೆ ಎತ್ತಿದರೆ, ನಿಂತಿದ್ದಾಳೆ.
ನಾನು ಹೊಡೆದ ಹಲಗೆಯನ್ನೇ ಹಿಡಿದು, ಎದೆ ಒತ್ತಿ,
ಕಾಲು ನಡುಗುತ್ತ, ಜೊಲ್ಲು ಸುರಿಸುತ್ತ,
ಕಣ್ಣು ಮಾತ್ರ ಆಚೆಗಿನ ಸುಣ್ಣದ ಗೋಣಿಯ ಮೇಲೆ.

ಮೌನಿಕ ಫೋನಿಗೆ ಓಡಿದಳು. ಅಜ್ಜಿ ನೆಟಿಕೆ ಮುರಿದಳು.
ನಾನು ಗೇಣು ಹಾಕಿದೆ.
ಹಲಗೆ ಎರಡು ಗೇಣು.
ಅವಳು ಮೂರು.