ಗಜ್ಜರಿ

ಗಜ್ಜರಿ ಹೆಂಗೆ ಕೇಜಿ ಅಂದೆ.
ಗುತ್ಯಮ್ಮ ಬಾಯಿಯ ಎಲೆಯಡಿಕೆ ಒಂದು ದವಡೆಗೆ ಸರಿಸಿ
‘ಗದಗದ ಕಡೇರಾ ಮೇಷ್ಟ್ರೇ?’ ಅಂದಳು.
ಬಸ್ಸಿಳಿದು ಹನ್ನೊಂದು ವರ್ಷ;
ಕ್ಯಾರೆಟ್ಟು ಅನ್ನದ ನಾಲಗೆ ಇನ್ನೂ ಇಳಿದಿರಲಿಲ್ಲ.

ಶಿವಮೊಗ್ಗದ ಸೊಪ್ಪಿನ ಸಾಲು, ಬೆಳಗಿನ ಆರೂವರೆ.
ಬೆನ್ನ ಹಿಂದೆ ಬಿಎಸ್ಸಿಯ ಹದಿನಾಲ್ಕು ಆಕಳಿಕೆ,
ಕೈಯಲ್ಲಿ ರೆಕಾರ್ಡ್ ಪುಸ್ತಕ.
ಇವತ್ತಿನ ಪಾಠ: ಕೊಡೆ ಹೂವಿನ ಕುಟುಂಬ.
ಒಂದು ಕಾವು, ಕಾವಿನ ನೆತ್ತಿಗೆ ಹತ್ತು ಕಡ್ಡಿ,
ಪ್ರತಿ ಕಡ್ಡಿಯ ತುದಿಗೂ ಮತ್ತೆ...

‘ಕೊಡೆ ಯಾಕೆ? ಮೂಗಿಲ್ವಾ ಮಕ್ಳಿಗೆ?’
ಕೊತ್ತಂಬರಿ ಹಿಸುಕಿದಳು, ಸಬ್ಬಸಿಗೆ ಹಿಸುಕಿದಳು,
ಎರಡು ಹೆಬ್ಬೆರಳು ನಮ್ಮ ಮೂಗಿಗೆ ಹಿಡಿದಳು.
‘ಅಕ್ಕ ತಂಗಿ. ಮಾತು ಬಿಟ್ಟಿದಾರೆ,
ಒಲೆ ಒಂದೇ.’

ಸೋಂಪನ್ನು ನಮ್ಮಜ್ಜಿ ದೊಡ್ಡ ಜೀರಿಗೆ ಅಂತಾಳೆ ಸರ್,
ಹಾಗಾದರೆ ಕರಿಜೀರಿಗೆಯೂ ಒಳಗಾ?
ಅಲ್ಲಪ್ಪ, ಅದು ಹೆಸರು ಹೇಳಿಕೊಂಡು
ಊಟಕ್ಕೆ ಕೂತ ಬೇರೆ ಮನೆಯವನು.
ದೊಡ್ಡಪತ್ರೆ ಓಮದ ಮಗಳೇ ಸೈ, ಗುತ್ಯಮ್ಮನ ತೀರ್ಪು.
ಇಲ್ಲ, ಅದು ತುಳಸಿಯ ಕಡೆಯದು ಅಂದೆ.
ಮತ್ತೊಮ್ಮೆ ಮೂಸಿದಳು. ಒಪ್ಪಲಿಲ್ಲ.
‘ಸಾಕಿದ ಮಗಳು ಅಂತ ಬರ್ಕೊಳ್ಳಿ.’
ರುಬೀನಾ ಹಾಗೆಯೇ ಬರೆದಳು. ನಾನು ತಿದ್ದಲಿಲ್ಲ.

ಬುಟ್ಟಿಯ ಮೂಲೆಯಲ್ಲಿ ಬೇರು ಮಣ್ಣು ಸಮೇತ ಒಂದೆಲಗ.
ಇದೂ ಆ ಮನೆಯದೇ ಅಂದಾಗ
ಮಾತ್ರ ಅವಳಿಗೆ ಸಿಟ್ಟು ಬಂತು.
‘ಇದಾ? ಗದ್ದೆ ಬದುವಿಂದು. ಮೂಸಿದ್ರೆ ಬರೀ ಹಸಿರು,
ಯಾರ ಪೈಕೀನೂ ಅಲ್ಲ, ಪಾಪ.’

ಮಂಡಿಯೂರಿದೆ. ಎಲೆ ಸರಿಸಿದೆ.
ತೊಟ್ಟಿನ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು
ಸಾಸಿವೆಗಿಂತ ಚಿಕ್ಕವು, ಮೂರು ಹೂ.
ಲೆನ್ಸು ಅವಳ ಕೈಗಿತ್ತೆ.

ಗಿರಾಕಿ ಕರೆದರೂ ಏಳಲಿಲ್ಲ ಅವಳು.
ಒಂದು ಕಣ್ಣು ಮುಚ್ಚಿ, ಎಲೆಯಡಿಕೆ ಮರೆತು
ತುಂಬ ಹೊತ್ತಿನ ಮೇಲೆ
ನಮಗಲ್ಲ, ಅದಕ್ಕೆ ಹೇಳಿದಳು:
‘ಕೊಡೆ ಬಗಲಲ್ಲೇ ಇಟ್ಕೊಂಡು
ಇಷ್ಟು ದಿನ ನೆಂದೆಯಲ್ಲೇ ಕೂಸೇ.’

ರೆಕಾರ್ಡಿನಲ್ಲಿ ‘ಸಾಮಾನ್ಯ ಹೆಸರು’ ಕಾಲಮ್ಮು ಅರ್ಧ ಇಂಚು.
ತೀರ್ಥಹಳ್ಳಿಯವನು ಒಂದೆಲಗ ಅಂದ,
ಅತ್ತೆಮನೆ ಉಡುಪಿಯಾದವಳು ತಿಮರೆ ಅಂದಳು,
ಔಷಧಿ ಅಂಗಡಿ ಹುಡುಗ ಬ್ರಾಹ್ಮಿ.
ಗೆರೆ ದಾಟಿ ಅಂಚಿಗೆ ಹೋಗಿ
ಅಂಚಿನಿಂದ ಹಿಂದಿನ ಪುಟಕ್ಕಿಳಿದವು ಅಕ್ಷರ.
ಅಂಕ ಕಡಿಯಬೇಕಿತ್ತು.

ಮುಂದಿನ ಭಾನುವಾರ ಒಬ್ಬನೇ ಹೋದೆ.
ಪಕ್ಕದವರೆಲ್ಲ ಕ್ಯಾರೆಟ್ ಕ್ಯಾರೆಟ್ ಅಂತ ಕೂಗುತ್ತಿದ್ದರು.
ಗುತ್ಯಮ್ಮ ನನ್ನ ಕಂಡವಳೇ ತಕ್ಕಡಿ ಎತ್ತಿ,
ಹೊಸ ಪದ ಹಲ್ಲಿಗೆ ಸಿಕ್ಕಿದಂತೆ ತುಸು ತಡೆದು:
‘ಗಜ್ಜರಿ... ಕಾಲು ಕೇಜಿ ಸಾಕಾ?’