ಕುಂಬಳದ ಕಳ್ಳಿ

ಪರೇಲಿನ ಗಿರಣಿ ಚಾಳು ಕೆಡವಿ
ನಮ್ಮನ್ನು ಹದಿನೇಳನೆಯ ಮಹಡಿಗೆ ಏರಿಸಿದರು.
ಲಿಫ್ಟಿನಲ್ಲಿ ನಾನು ಬಂದೆ, ಟ್ರಂಕು ಬಂತು,
ಮಣ್ಣು ತುಂಬಿದ ಎಣ್ಣೆಡಬ್ಬಿ ಬಂತು;
ಜೇನು ಬರಲಿಲ್ಲ.

ಕುಂಬಳ ಮಾತ್ರ ಗ್ರಿಲ್ಲು ಹಿಡಿದು ಹಬ್ಬಿತು,
ಪಕ್ಕದ ಸಾವಂತರ ಡಿಶ್ ಆಂಟೆನಾದವರೆಗೂ.
ದಿನಕ್ಕೆ ಐದಾರು ಹೂ. ಎಲ್ಲ ಗಂಡು.
ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತು
ಮಧ್ಯಾಹ್ನಕ್ಕೆ ಒದ್ದೆ ಕರವಸ್ತ್ರದ ಹಾಗೆ ಮುದುಡಿ,
ಥೇಟು ವಾರ್ಡಿನ ಹೊರಗೆ ಕಾಯುತ್ತಿದ್ದ ಅಪ್ಪಂದಿರು.

ಹೆಣ್ಣುಹೂ ಬಂದದ್ದು ಇಪ್ಪತ್ತನೆಯ ದಿನ.
ಹೊಟ್ಟೆ ಮೊದಲು, ಹೂ ಆಮೇಲೆ:
ಎಸಳಿನ ಕೆಳಗೆ ನೆಲ್ಲಿಕಾಯಿಯಷ್ಟು ಬಸಿರು,
ಇನ್ನೂ ನಿಂತಿರದ ಬಸಿರು.
ಯಾರೂ ಬರದಿದ್ದರೆ ಹಳದಿಯಾಗಿ ಉದುರುತ್ತದೆ.
ಮೂರು ಉದುರಿದವು. ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.
ಮೂವತ್ನಾಲ್ಕು ವರ್ಷ ಹೆರಿಗೆ ವಾರ್ಡಿನ ನರ್ಸು,
ಎಣಿಸುವ ಚಟ ಹೋಗಿಲ್ಲ.

ನಾಲ್ಕನೆಯದಕ್ಕೆ ಐದೂವರೆಗೇ ಎದ್ದೆ.
ಕೆಳಗೆಲ್ಲೋ ಲೋಕಲ್ಲಿನ ಸದ್ದು.
ಗಂಡುಹೂವಿನ ಎಸಳು ಸುಲಿದು
ಪುಡಿ ಹತ್ತಿದ ನಡುಗಡ್ಡಿಯನ್ನು
ಅವಳ ಮೂರು ಹೋಳಿನ ಅಂಟುಬಾಯಿಗೆ ಮೆತ್ತಗೆ ಸವರಿದೆ.
ಕೈಯೆಲ್ಲ ಹಳದಿ, ಮೂಗಿನ ತುದಿ ಹಳದಿ,
ಮೂಗೊರೆಸಿದ ನೈಟಿಯ ಹೆಗಲೂ ಹಳದಿ.
ಮದುವೆಯಾಗದ ನಾನು
ಮಂತ್ರ ಬಾರದೆ, ಅಭ್ಯಾಸಬಲದಿಂದ,
"ಉಸಿರು ಬಿಡು ತಾಯಿ, ಜೋರಾಗಿ" ಅಂದೆ.
ಎದುರು ಕಿಟಕಿಯಲ್ಲಿ ಹಲ್ಲುಜ್ಜುತ್ತಿದ್ದ ಹುಡುಗ
ಬ್ರಷ್ ನಿಲ್ಲಿಸಿದ.

ಮೂರನೆಯ ದಿನವೂ ತೊಟ್ಟು ಹಸಿರಾಗೇ ಇತ್ತು.
ವಾರಕ್ಕೆ ಲಿಂಬೆ, ಆಮೇಲೆ ತೆಂಗಿನಕಾಯಿ.
ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿದೆ.
ಕೊಯ್ದಾಗ ನಾಲ್ಕು ಕಿಲೋ ಇನ್ನೂರು.
ವಾರ್ಡಿನಲ್ಲಾದರೆ
ಡಾಕ್ಟರುಗಳೆಲ್ಲ ಬಂದು ನೋಡುವ ತೂಕ.

ನಾನು ಗಾರಿಗೆ ಕರಿದೆ,
ಸಾವಂತರು ಘಾರಗೆ ಎಂದು ತಿಂದರು.
ಬೀಜ, ತಿರುಳು ಹಸಿಕಸದ ಬಕೆಟ್ಟಿಗೆ.
ಎರಡು ಬೀಜ ಒಣಗಿಸಿಟ್ಟೆನೇ? ಇಲ್ಲ. ಮರೆತೆ.
ಶೇವಂತಾಬಾಯಿ ಬಂದಳು, ಎತ್ತಿಕೊಂಡು ಹೋದಳು.

ಮಳೆಗಾಲ ಮುಗಿದು ದಸರೆಯ ಹಿಂದಿನ ದಿನ
ಅವಳೇ ಬೆಲ್ಲು ಒತ್ತಿದಳು, ಸೆರಗಿನಲ್ಲೊಂದು ಕುಂಬಳ.
"ದೇವನಾರದ ಕಸದ ಗುಡ್ಡದ್ದು, ಸಿಸ್ಟರ್.
ಬಳ್ಳಿ ಹಬ್ಬಿದ್ದು ನೋಡಬೇಕು ನೀವು,
ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.
ಜೇನುನೊಣವೋ, ಮೈಯೆಲ್ಲ ಹಳದಿ ಬಳಿದುಕೊಂಡು,
ಕುಡಿದವರ ಹಾಗೆ ಓಡಾಡ್ತವೆ.
ಯಾವ ಪುಣ್ಯಾತ್ಮರು ಬೀಜ ಹಾಕಿದರೋ."

ಹೌದೇ, ಅಂದೆ. ಚಹಾ ಕೊಟ್ಟೆ.
ಅವಳು ಲಿಫ್ಟಿನೊಳಗೆ ಹೋಗಿ ಬಾಗಿಲು ಕೂಡಿದ ಮೇಲೆ
ಹೆಗಲು ಮುಟ್ಟಿ ನೋಡಿಕೊಂಡೆ.