ಹಳ್ಳದ ಮಟ್ಟ

ಭಾನುವಾರ ಬೆಳಗಿನ ಆರಕ್ಕೆ ಕಲಾಸಿಪಾಳ್ಯದಲ್ಲಿ
ಅಂಗಡಿಗಳಿನ್ನೂ ಷಟರ್ ಎತ್ತಿರಲಿಲ್ಲ.
ಬೋಲ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು
ಐದು ಜನ ಟೆಂಪೊ ಹತ್ತಿದೆವು:
ವಾರವೆಲ್ಲ ಮೇಲ್ಸೇತುವೆಯ ಕಂಬಕ್ಕೆ ಕಬ್ಬಿಣ ಎಣಿಸುವ ನಾನು,
ಲಿಫ್ಟ್ ರಿಪೇರಿಯ ನಸ್ರೀನ್,
ಇನ್ನೂ ಪರೀಕ್ಷೆ ಬರೆಯುತ್ತಿದ್ದ ಮೂವರು ಹುಡುಗರು.
ನಸ್ರೀನಳ ಕಾಲ ಬಳಿ ಸುರುಳಿ ಸುತ್ತಿದ ಉಕ್ಕಿನ ಹಗ್ಗ,
ಹದಿನಾಲ್ಕು ಮಹಡಿಯ ಜನರನ್ನು ಹನ್ನೊಂದು ವರ್ಷ
ಹತ್ತಿಸಿ ಇಳಿಸಿ ನಿವೃತ್ತವಾದದ್ದು.
"ಭಾರ ಹೊರಿಸಬೇಡಿ ಇದಕ್ಕೆ," ಅಂದಳು,
"ಕೈ ಹಿಡಿಯೋಕೆ ಮಾತ್ರ."

ಆನೇಕಲ್ ದಾಟಿ, ಟಾರು ಮುಗಿದು,
ಕಲ್ಲುಕ್ವಾರಿಯ ಬಿಳಿ ಧೂಳೂ ಮುಗಿದ ಮೇಲೆ
ಹಳ್ಳ.
ಈಚೆ ಶಾಲೆ, ಪಡಿತರದ ಅಂಗಡಿ, ಬಸ್ಸು ತಿರುಗುವ ಜಾಗ.
ಆಚೆ ಇಪ್ಪತ್ತಾರು ಮನೆ.
ನನ್ನ ಕೈಯಲ್ಲಿ ನಕ್ಷೆ. ಮೂವತ್ತು ವರ್ಷದ ಮಳೆ ಕೂಡಿ ಕಳೆದು
ನೀರು ಇಷ್ಟೇ ಏರುವುದೆಂದು ನೀಲಿ ಗೆರೆ ಎಳೆದಿದ್ದೆ.
ಅದರ ಮೇಲೆ ಮೂರಡಿ, ನಮ್ಮ ಹೆದರಿಕೆಯ ಪಾಲು.

ಗಾರೆಯ ಅಂತೋಣಪ್ಪ ಮಾತಾಡಲಿಲ್ಲ.
ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ
ಗುಳ್ಳೆ ಹೋಗುವವರೆಗೆ ಬೆರಳಲ್ಲಿ ತಟ್ಟಿ
ಒಂದು ತುದಿ ಹುಡುಗನಿಗೆ ಕೊಟ್ಟು, ಇನ್ನೊಂದು ತಾನು ಹಿಡಿದು
ನನ್ನ ಗೆರೆಯನ್ನೂ ಹೆದರಿಕೆಯನ್ನೂ ಸೇರಿಸಿ
ಹೊಂಗೆಮರದ ಮೇಲೆ ಸುಣ್ಣದಲ್ಲಿ ಎಳೆದ.

ಕುರಿ ಹೊಡೆದುಕೊಂಡು ಬಂದ ಪಿಳ್ಳಮ್ಮ ನಿಂತಳು.
ಕೋಲೆತ್ತಿ, ಸುಣ್ಣದ ಗೆರೆಗಿಂತ ಎರಡು ಮೊಳ ಮೇಲೆ
ಕೊಂಬೆಯ ಕವಲನ್ನು ಮುಟ್ಟಿದಳು.
ಅಲ್ಲಿ ಸಿಕ್ಕಿಕೊಂಡಿದ್ದವು
ಹಾಲಿನ ಕವರು, ಮಗುವಿನ ಡಯಾಪರು,
ಯಾವುದೋ ಆರತಕ್ಷತೆಯ ಥರ್ಮಾಕೋಲ್ ಅಕ್ಷರವೊಂದು.

"ಇಲ್ಲೀಗಂಟ ಬತ್ತದೆ."
"ಯಾವ ವರ್ಷ ಅಜ್ಜಿ? ಅಷ್ಟು ಮಳೆ ಇಲ್ಲಿ ಯಾವತ್ತೂ ಆಗಿಲ್ಲ."
"ಇಲ್ಲಿ ಯಾಕವ್ವ ಆಗ್ಬೇಕು? ನಿಮ್ಮ ಕಡೆ ಹುಯ್ದರೆ ಸಾಕು.
ನೀವು ಕಿಟಕಿ ಹಾಕ್ಕಂಡು ಮಲಗ್ತೀರ,
ಕೋಳಿ ಕೂಗೋ ಹೊತ್ಗೆ ನಮ್ಮ ಹಳ್ಳ ಏಳ್ತದೆ.
ಮೊದ್ಲು ಕೆರೆ ನಿಲ್ಲಿಸ್ಕಂತಿತ್ತು. ಈಗ ಎಲ್ಲೈತೆ ಕೆರೆ?"

ಕುರಿಯೊಂದು ನಕ್ಷೆಯ ಅಂಚು ಮೂಸಿ ಬಿಟ್ಟಿತು.
ಕೂಡಿದ್ದು ಸರಿಯಿತ್ತು. ಮಳೆಯ ಅಂಕಿಯೂ ಸರಿಯಿತ್ತು.
ನೆಲ ಎಷ್ಟು ಕುಡಿಯುತ್ತದೆ ಎಂಬ ಒಂದು ಸಂಖ್ಯೆ ಮಾತ್ರ
ಹಳೆಯ ಪುಸ್ತಕದಿಂದ ಎತ್ತಿದ್ದೆ,
ರಾಗಿಹೊಲಗಳಿದ್ದ ಕಾಲದ್ದು.
ಅಂಥದೊಂದು ಹೊಲದ ಮೇಲೆ ಈಗ ನನ್ನ ಮನೆ,
ಒಂಬತ್ತನೇ ಮಹಡಿ,
ಕೆಳಗೆ ಕಾರುಗಳಿಗೆಂದು ಗೋಡೆಯಿಂದ ಗೋಡೆಗೆ ಕಾಂಕ್ರೀಟು.

ಆ ದಿನ ಗುಂಡಿ ತೋಡಲಿಲ್ಲ.
ಮತ್ತೆ ನಾಲ್ಕಡಿ ಎತ್ತರಿಸಲು ಸಿಮೆಂಟಿಗೆ ದುಡ್ಡಿರಲಿಲ್ಲ.
ಕ್ವಾರಿಯವರು ಬೇಡವೆಂದು ಎಸೆದ ಕಲ್ಲನ್ನು
ಒಂದು ಮನೆ ಬಿಟ್ಟು ಉಳಿದವರೆಲ್ಲ ಹೊತ್ತರು,
ಎಂಟು ಭಾನುವಾರ.
ಹೊರದಿದ್ದ ಮನೆಯ ಪಾಪಯ್ಯನೇ ಮೊದಲು ದಾಟಿದ್ದು,
ಬೀಡಿ ತರಲು.
ಜಾಲರಿಯ ತಗಡಿನಡಿ ನೀರು ಕಂಡು ಕುರಿಗಳು ಕಾಲಿಡಲಿಲ್ಲ.
ನನ್ನ ಯಾವ ಹಾಳೆಯಲ್ಲೂ ಕುರಿಯ ಹೆದರಿಕೆ ಇರಲಿಲ್ಲ.
ಪಿಳ್ಳಮ್ಮ ಗೋಣಿತಾಟು ಹಾಸಿದಳು, ದಾಟಿದವು.

ನಿನ್ನೆ ರಾತ್ರಿ ಹನ್ನೊಂದಕ್ಕೆ ಇಲ್ಲಿ ಶುರುವಾಯಿತು.
ನೆಲಮಾಳಿಗೆಯಲ್ಲಿ ಪಂಪು ಕಿರುಚುತ್ತ
ನಮ್ಮ ನೀರನ್ನೆತ್ತಿ ಬೀದಿಗೆ ಎಸೆಯುತ್ತಿತ್ತು.
ಮೊಮ್ಮಗಳು ನಾಗವೇಣಿ ಫೋನೆತ್ತಿದಳು.
"ನೀರು ಹೊರಟಿದೆ," ಅಂದೆ,
ಯಾರೋ ನೆಂಟರು ಬಸ್ಸು ಹತ್ತಿದರು ಎನ್ನುವ ಹಾಗೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಜೀರುಂಡೆ.
ಆಮೇಲೆ ದೂರದಿಂದ, ನಿದ್ದೆಗಣ್ಣಿನ ದನಿ:
"ಎಷ್ಟು ಹೊತ್ಗೆ ಬತ್ತದಂತೆ, ಕೇಳು."